ಉರಿದರೆ ಮಾತ್ರ ಔಷಧವೇ?

ತರಚಿದ ಮೊಣಕಾಲಿಗೆ ಸ್ಪಿರಿಟ್ ತಾಗಿದ ಕೂಡಲೇ ಚುರ್ ಎಂದು ಉರಿಯುತ್ತದೆ. ಅಳುವ ಮಗುವಿಗೆ ದೊಡ್ಡವರು ಹೇಳುವ ಸಮಾಧಾನ ಒಂದೇ: ‘ಉರಿದರೇನೇ ಔಷಧ ಹಿಡಿಯೋದು, ಸ್ವಲ್ಪ ತಡ್ಕೋ.’ ಉರಿಯೆಂದರೆ ಕ್ರಿಮಿ ಸಾಯುತ್ತಿರುವ ಗುರುತು ಎಂಬ ಈ ನಂಬಿಕೆಗೆ ಆಧಾರವಿಲ್ಲ. ಉರಿ ಹುಟ್ಟುವುದು ನಮ್ಮದೇ ನರದ ತುದಿಯಲ್ಲಿ, ಅಲ್ಲಿರುವ ಒಂದು ಪ್ರೋಟೀನಿನಿಂದ.

ಆ ಪ್ರೋಟೀನಿನ ಜಾಡು ಸಿಕ್ಕಿದ್ದು ಮೆಣಸಿನಕಾಯಿಯಿಂದ. ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನರದಲ್ಲಿ ಯಾವುದನ್ನು ಕೆಣಕುತ್ತದೆ ಎಂದು ಹುಡುಕುತ್ತ ಕ್ಯಾಲಿಫೋರ್ನಿಯಾದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಟಿಆರ್‌ಪಿವಿ1 ಎಂಬ ಪ್ರೋಟೀನನ್ನು ಕಂಡುಹಿಡಿದರು. ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿದ್ದು ಈ ದಾರಿಯ ಕೆಲಸಕ್ಕೇ. ಅಸಲಿಗೆ ಅದು ಬಿಸಿಯನ್ನು ಗುರುತಿಸುವ ಬಾಗಿಲು. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದರೆ ತೆರೆದುಕೊಂಡು ‘ಸುಡುತ್ತಿದೆ’ ಎಂಬ ಸುದ್ದಿಯನ್ನು ಮಿದುಳಿಗೆ ಕಳಿಸುತ್ತದೆ. ಕ್ಯಾಪ್ಸೈಸಿನ್ ಅದನ್ನು ಬಿಸಿಯಿಲ್ಲದೆಯೇ ತೆರೆಯುತ್ತದೆ. ಸ್ಪಿರಿಟ್ಟಿನ ದಾರಿ ಇನ್ನೂ ಸೂಕ್ಷ್ಮ. ಅದರಲ್ಲಿರುವ ಆಲ್ಕೋಹಾಲ್ ತಾಗಿದಾಗ ಈ ಬಾಗಿಲು ಸುಮಾರು 34 ಡಿಗ್ರಿಗೇ ತೆರೆದುಕೊಳ್ಳುತ್ತದೆ ಎಂದು 2002ರ ಒಂದು ಅಧ್ಯಯನ ತೋರಿಸಿತು. ನಮ್ಮ ಮೈಯ ಶಾಖವೇ 37 ಡಿಗ್ರಿ. ಅಂದರೆ ಗಾಯದಲ್ಲಿ ನಮ್ಮನ್ನು ಸುಡುವುದು ನಮ್ಮದೇ ಮೈಬಿಸಿ!

ಹಾಗಾದರೆ ಅದೇ ಸ್ಪಿರಿಟ್ ಅಂಗೈಗೆ ತಣ್ಣಗೇಕೆ ಎಂದು ಕೇಳಬಹುದು. ಗಾಯವಿಲ್ಲದ ಚರ್ಮದ ಹೊರಪದರ ಆಲ್ಕೋಹಾಲನ್ನು ನರದ ತುದಿಗಳಿಂದ ದೂರವಿಡುತ್ತದೆ; ಅಲ್ಲಿ ನಮಗೆ ತಿಳಿಯುವುದು ಅದು ಆರುವಾಗಿನ ತಂಪು ಮಾತ್ರ. ಸ್ಪಿರಿಟ್ ಕ್ರಿಮಿಗಳನ್ನು ಕೊಲ್ಲುವುದಂತೂ ನಿಜವಲ್ಲವೇ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ನಿಜವೇ. ಆದರೆ ಕೊಲ್ಲುವುದೂ ಉರಿಸುವುದೂ ಅದರ ಎರಡು ಬೇರೆ ಬೇರೆ ಗುಣಗಳು. ಆಲ್ಕೋಹಾಲಿನಲ್ಲಿ ಕರಗಿಸಿದ ಟಿಂಕ್ಚರ್ ಅಯೋಡಿನ್ ಗಾಯಕ್ಕೆ ತಾಗಿದರೆ ಜೀವ ಹೋದಂತಾಗುತ್ತದೆ, ನೀರಿನಲ್ಲಿ ಕಲೆಸಿದ ಪೊವಿಡೋನ್ ಅಯೋಡಿನ್ ಅಷ್ಟು ಉರಿಯುವುದಿಲ್ಲ, ಎರಡೂ ಕ್ರಿಮಿನಾಶಕಗಳೇ. ಮೇಲಾಗಿ, ತೆರೆದ ಗಾಯದಲ್ಲಿ ಸ್ಪಿರಿಟ್ ಹೊಸದಾಗಿ ಬೆಳೆಯಬೇಕಾದ ಜೀವಕೋಶಗಳಿಗೂ ಹಾನಿ ಮಾಡುತ್ತದೆ. ಸಣ್ಣ ತರಚು ಗಾಯಕ್ಕೆ ಹರಿಯುವ ಶುದ್ಧ ನೀರು, ಸುತ್ತಲ ಚರ್ಮಕ್ಕೆ ಸೋಪು ಸಾಕು. ಮಗುವನ್ನು ಅಳಿಸಬೇಕಾದ ಅಗತ್ಯವೇ ಇಲ್ಲ.

ಉರಿಯನ್ನು ಅಳತೆಗೋಲು ಮಾಡಿಕೊಳ್ಳುವುದರಲ್ಲಿ ಇದಕ್ಕಿಂತ ದೊಡ್ಡ ಅಪಾಯವೂ ಇದೆ. ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಜೋಮು ಹಿಡಿದವರಿಗೆ ಆಳವಾದ ಗಾಯವೂ ಉರಿಯದೆ ಇರಬಹುದು, ಸೋಂಕು ಮಾತ್ರ ಒಳಗೊಳಗೇ ಹರಡುತ್ತಿರುತ್ತದೆ. ಅಂಥವರು ದಿನಕ್ಕೊಮ್ಮೆ ಅಂಗಾಲನ್ನು ಕಣ್ಣಾರೆ ನೋಡಿಕೊಳ್ಳಬೇಕು. ಬಗ್ಗಲಾಗದಿದ್ದರೆ ಕನ್ನಡಿ ಹಿಡಿದಾದರೂ, ಮನೆಯವರಿಂದಾದರೂ.