ವಂಶದೊಡನೆ ಬರುವ ಮೂತ್ರಪಿಂಡ ವ್ಯಾಧಿ

ಆಯವ್ಯಯವನ್ನು ತಪ್ಪದೆ ತೂಗಿಸುವ ಕರಣಿಕನಂತೆ ಮೂತ್ರಪಿಂಡಗಳು ದೇಹದಲ್ಲಿ ದುಡಿಯುತ್ತವೆ. ಬೇಡದ ನೀರು, ಲವಣ, ಕಲ್ಮಷಗಳನ್ನು ಹೊರಹಾಕಿ ಬೇಕಾದುದನ್ನು ಉಳಿಸಿಕೊಳ್ಳುವುದು ಅವುಗಳ ನಿತ್ಯಕರ್ಮ. ಈ ಕರಣಿಕ ಸೋಲುತ್ತಿರುವ ಸಂಗತಿ ಬಹುಕಾಲ ಹೊರಗೆ ತಿಳಿಯುವುದಿಲ್ಲ.

ಆಂಧ್ರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ವಿಷಯ ಅಪರಿಚಿತವಲ್ಲ. ವಿಶಾಖಪಟ್ಟಣದ ಉತ್ತರಕ್ಕಿರುವ ಶ್ರೀಕಾಕುಳಂ ಜಿಲ್ಲೆಯ ಉದ್ದಾನಂ ಪ್ರದೇಶದಲ್ಲಿಯೂ, ವಿಜಯವಾಡವನ್ನೊಳಗೊಂಡ ಎನ್.ಟಿ.ಆರ್. ಜಿಲ್ಲೆಯ ಎ. ಕೊಂಡೂರು ತಾಂಡಾಗಳಲ್ಲಿಯೂ ಮೂತ್ರಪಿಂಡ ವ್ಯಾಧಿ ಅನೇಕ ಮನೆಗಳನ್ನು ಕಾಡಿದೆ. 2023ರ ಡಿಸೆಂಬರಿನಲ್ಲಿ ಪಲಾಸದಲ್ಲಿ ಸಂಶೋಧನಾ ಕೇಂದ್ರವೂ 200 ಹಾಸಿಗೆಗಳ ಆಸ್ಪತ್ರೆಯೂ ಉದ್ಘಾಟನೆಗೊಂಡವು. ಉದ್ದಾನಂನಲ್ಲಿ ಕುಡಿಯುವ ನೀರು, ಬಿಸಿಲಿನ ದುಡಿಮೆ, ಕೀಟನಾಶಕ, ವಂಶಗುಣ ಇವೆಲ್ಲವುಗಳ ಮೇಲೂ ಸಂಶಯವಿದೆ. ಖಚಿತ ಕಾರಣ ಸ್ಥಾಪಿತವಾಗಿಲ್ಲ. ವಂಶದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂದು ವಿಂಗಡಿಸುವುದೇ ಕಠಿಣ.

ವಂಶದ ಪಾಲು ಸ್ಪಷ್ಟವಾಗಿರುವ ವ್ಯಾಧಿಗಳೂ ಇವೆ. ಪಾಲಿಸಿಸ್ಟಿಕ್ ವ್ಯಾಧಿಯಲ್ಲಿ ಮೂತ್ರಪಿಂಡದ ತುಂಬ ನೀರು ತುಂಬಿದ ಗುಳ್ಳೆಗಳು ಬೆಳೆಯುತ್ತವೆ. ವಯಸ್ಕರಲ್ಲಿ ಸಾಮಾನ್ಯವಾಗಿ ಕಾಣುವ ಬಗೆಗೆ ಮುಖ್ಯ ಕಾರಣವಾದ ಪಿ.ಕೆ.ಡಿ.-1 ಜೀನು 1994ರಲ್ಲಿಯೂ, ಪಿ.ಕೆ.ಡಿ.-2 ಜೀನು 1996ರಲ್ಲಿಯೂ ಪತ್ತೆಯಾದವು. ಆದರೆ ಜೀವಂತ ರೋಗಿಯ ಮೂತ್ರಪಿಂಡದಲ್ಲಿ ಮೊದಲ ಗುಳ್ಳೆ ಏಳುವುದನ್ನು ಕಾಣುವ ಬಗೆ ಹೇಗೆ?

ಇದಕ್ಕೆ ದಾರಿ ತೆರೆದವರು ಜಪಾನಿನ ಶಿನ್ಯಾ ಯಮನಾಕಾ. ಅವರ ತಂಡ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಸಾಮಾನ್ಯ ಜೀವಕೋಶಗಳನ್ನು ಯಾವ ಅಂಗಾಂಶವಾಗಿಯೂ ಬೆಳೆಯಬಲ್ಲ ಆಕರಕೋಶಗಳನ್ನಾಗಿ ಮಾರ್ಪಡಿಸಿತು. 2012ರಲ್ಲಿ ಅವರು ಜಾನ್ ಗರ್ಡನ್‌ರೊಡನೆ ನೊಬೆಲ್ ಪಾರಿತೋಷಕ ಪಡೆದರು. 2015ರಲ್ಲಿ ಬೆಂಜಮಿನ್ ಫ್ರೀಡ್‌ಮನ್, ಜೋಸೆಫ್ ಬಾನ್‌ವೆಂಟರ್ ಮತ್ತು ಸಂಗಡಿಗರು ಆಕರಕೋಶಗಳಿಂದ ಪುಟ್ಟ ಮೂತ್ರಪಿಂಡದ ಮಾದರಿಗಳನ್ನು ಬೆಳೆಸಿ, ಕೆಲವುಗಳಲ್ಲಿ ಪಿ.ಕೆ.ಡಿ. ಜೀನನ್ನು ಮಾತ್ರ ಕೆಡಿಸಿದರು. ಹಾಗೆ ಕೆಡಿಸಿದ ಮಾದರಿಗಳ ನಾಳಗಳಿಂದ ಗುಳ್ಳೆಗಳೆದ್ದವು. ಉಳಿದೆಲ್ಲವೂ ಒಂದೇ ಆಗಿದ್ದುದರಿಂದ ಆ ಜೀನಿನ ಪಾಲು ಪ್ರತ್ಯೇಕವಾಗಿ ಕಂಡಿತು. ಹೊಸ ಔಷಧಗಳನ್ನು ಮೊದಲು ಇಂಥ ಮಾದರಿಗಳ ಮೇಲೆಯೇ ಪರೀಕ್ಷಿಸಬಹುದು.

ಆದರೆ ಇವು ರೋಗಿಗೆ ಜೋಡಿಸುವ ಮೂತ್ರಪಿಂಡಗಳಲ್ಲ. ಇನ್ನೂ ಅಪಕ್ವವಾದ ಅಧ್ಯಯನ ಸಾಧನಗಳು. ಆದುದರಿಂದ "ಸ್ಟೆಮ್ ಸೆಲ್ ಚುಚ್ಚುಮದ್ದಿನಿಂದ ಮೂತ್ರಪಿಂಡ ಗುಣ" ಎಂಬ ಜಾಹೀರಾತಿಗೆ ಯಾರೂ ಮರುಳಾಗಿ ಉಳಿತಾಯದ ಹಣವನ್ನು ಕಳೆದುಕೊಳ್ಳಬಾರದು. 2017ರ ರಾಷ್ಟ್ರೀಯ ಮಾರ್ಗಸೂಚಿಯೂ ರಕ್ತಸಂಬಂಧಿ ವ್ಯಾಧಿಗಳಿಗೆ ನಡೆಯುವ ಆಕರಕೋಶ ಕಸಿಯಂಥ ಅಂಗೀಕೃತ ಚಿಕಿತ್ಸೆಗಳ ಹೊರತು ಉಳಿದ ಪ್ರಯೋಗಗಳನ್ನು ಸಂಶೋಧನೆಯೆಂದೇ ಪರಿಗಣಿಸಿದೆ.

ಊರು ಬಿಟ್ಟು ಬಂದವರಿಗೆ ಇನ್ನೊಂದು ಹೊಣೆಯಿದೆ. ಈ ವ್ಯಾಧಿ ತಂದೆತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅದು ಬರುವ ಸಂಭವ ಶೇ. 50. ದೊಡ್ಡಪ್ಪ ಯಾವ ಕಾಯಿಲೆಯಿಂದ ತೀರಿಕೊಂಡರು, ಸೋದರತ್ತೆಗೆ ಡಯಾಲಿಸಿಸ್ ಏಕೆ ಬೇಕಾಯಿತು ಎಂಬುದನ್ನು ಊರಿನ ಹಿರಿಯರಿಂದ ಕೇಳಿ ಬರೆದಿಟ್ಟುಕೊಳ್ಳುವುದು ಒಳಿತು. ಅಂಥ ಮನೆತನದವರು ವೈದ್ಯರ ಸಲಹೆಯಂತೆ ರಕ್ತದೊತ್ತಡ, ಮೂತ್ರ, ರಕ್ತದ ಕ್ರಿಯಾಟಿನಿನ್ ಹಾಗೂ ಅಲ್ಟ್ರಾಸೌಂಡ್ ಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ಅಣ್ಣನಿಗೆ ಮೂತ್ರಪಿಂಡ ಕೊಡಲು ಮುಂದಾಗುವ ತಮ್ಮನಲ್ಲಿಯೂ ಅದೇ ವ್ಯಾಧಿ ಅಡಗಿರಬಹುದು. ಆತನ ಪರೀಕ್ಷೆಯಂತೂ ಅನಿವಾರ್ಯ. ರಕ್ತದೊತ್ತಡವನ್ನು ಹತೋಟಿಯಲ್ಲಿಟ್ಟರೆ ಮೂತ್ರಪಿಂಡಕ್ಕಾಗುವ ಹಾನಿ ತಗ್ಗುತ್ತದೆ. ಆಯ್ದ ರೋಗಿಗಳಲ್ಲಿ ವ್ಯಾಧಿಯ ವೇಗವನ್ನು ತಗ್ಗಿಸುವ ಔಷಧವೂ ಇಂದು ಲಭ್ಯವಿದೆ.