ಗಾಜಿನ ವಯಸ್ಸು

ಅಚ್ಯುತಾಪುರದಿಂದ ಎಲಮಂಚಿಲಿಯ ಮಾರ್ಗವಾಗಿ ವರಾಹ ನದಿಯ ದಡಕ್ಕೆ ಹೋದರೆ ಏಟಿಕೊಪ್ಪಾಕವೆಂಬ ಗ್ರಾಮ ಸಿಕ್ಕುತ್ತದೆ. ಅಲ್ಲಿಯ ಅರಗಿನ ಬೊಂಬೆಗಳು ನಮ್ಮ ಚನ್ನಪಟ್ಟಣದ ಬೊಂಬೆಗಳಿಗೆ ದಾಯಾದಿಗಳೆನ್ನಬಹುದು. ತೆಲುಗರು ಅಂಕುಡು ಎನ್ನುವ ಮರ ನಮ್ಮ ಹಾಲೆಯ ಮರವೇ. ಎರಡೂ ಕಡೆ ಕುಶಲಕರ್ಮಿಯು ರಭಸದಿಂದ ತಿರುಗುವ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾನೆ. ಉಜ್ಜಿಕೆಯ ಕಾವಿಗೆ ಅರಗು ಮೆತ್ತಗಾಗಿ ಹರಡಿ, ಕಾವು ತಗ್ಗಿದೊಡನೆ ಬಿಗಿಯುತ್ತದೆ. ನೋಡುವವರಿಗೆ ಕೆಲಸ ಮುಗಿದಂತೆ ಕಂಡರೂ ಅರಗಿನ ಒಳಗೆ ಒಂದು ಮಂದಗತಿಯ ವ್ಯಾಪಾರ ಆಗತಾನೆ ಮೊದಲಾಗಿರುತ್ತದೆ.

ದ್ರವವು ತಣಿದು ಘನವಾಗುವುದಕ್ಕೆ ಎರಡು ದಾರಿಗಳುಂಟು. ನೀರು ಮಂಜುಗಡ್ಡೆಯಾಗುವಾಗ ಅಣುಗಳು ಸಾಲುಗಟ್ಟಿ ನಿಂತು ಸ್ಫಟಿಕವಾಗುತ್ತವೆ. ಅರಗು, ಕಿಟಕಿಯ ಗಾಜು, ಥಟ್ಟನೆ ತಣಿಸಿದ ಸಕ್ಕರೆಯ ಪಾಕ, ಅನೇಕ ಪ್ಲಾಸ್ಟಿಕ್ಕುಗಳು ಹಾಗಲ್ಲ. ತಣಿದಂತೆಲ್ಲ ದ್ರವವು ಮಂದವಾಗುತ್ತ ಹೋಗಿ, ಅಣುಗಳು ಸಾಲುಗೂಡುವುದಕ್ಕೆ ಮೊದಲೇ ಇದ್ದಲ್ಲಿಯೇ ಸಿಕ್ಕಿಬೀಳುತ್ತವೆ. ವಿಜ್ಞಾನದ ದೃಷ್ಟಿಯಲ್ಲಿ ಇವೆಲ್ಲವೂ ಗಾಜಿನ ಜಾತಿಯೇ. ಹೀಗೆ ಸಿಕ್ಕಿಬಿದ್ದ ವಸ್ತು ಸಮತೋಲಸ್ಥಿತಿಯನ್ನು ಮುಟ್ಟಿರುವುದಿಲ್ಲ. ಅದರ ಕಡೆಗೆ ಅತಿ ನಿಧಾನವಾಗಿ ಸರಿಯುತ್ತಿರುತ್ತದೆ. ಸರಿದಂತೆ ತುಸು ಕುಗ್ಗುತ್ತದೆ, ಗಡುಸಾಗುತ್ತದೆ, ಪೆಡಸಾಗುತ್ತದೆ. ಇದಕ್ಕೆ ವಿಜ್ಞಾನಿಗಳು ಮುಪ್ಪೆಂಬ ಅರ್ಥದ ಹೆಸರನ್ನೇ ಇಟ್ಟಿದ್ದಾರೆ.

ಹೆಸರು ಸ್ವಲ್ಪ ದಾರಿತಪ್ಪಿಸುವಂಥದು. ಬಹುಕಾಲ ಇಟ್ಟ ಅರಗಿನ ಚಕ್ಕೆ ಮದ್ಯಸಾರದಲ್ಲಿ ಸರಿಯಾಗಿ ಕರಗದು. ಅಣುಗಳು ಒಂದಕ್ಕೊಂದು ಬೆಸೆದುಕೊಂಡಿರುವುದೇ ಅದಕ್ಕೆ ಕಾರಣ. ಅದು ರಾಸಾಯನಿಕ ಬದಲಾವಣೆ, ಹಿಂದಿರುಗದು. ನಾವು ಹೇಳುತ್ತಿರುವ ಮುಪ್ಪಿನಲ್ಲಿ ಅಣುವು ಅಣುವಾಗಿಯೇ ಉಳಿದು ಜೋಡಣೆ ಮಾತ್ರ ಬದಲಾಗುತ್ತದೆ. ವಸ್ತುವನ್ನು ಮತ್ತೆ ಮೆತ್ತಗಾಗುವಷ್ಟು ಕಾಯಿಸಿದರೆ ಆ ವಯಸ್ಸೆಲ್ಲ ಅಳಿಸಿಹೋಗುತ್ತದೆ. ತಣಿದ ಮೇಲೆ ಮೊದಲ ದಿನದಿಂದ ಎಣಿಕೆ. ಯಯಾತಿಗೆ ಮಗನ ಯೌವನ ಬೇಕಾಯಿತು, ಗಾಜಿಗೆ ಒಲೆ ಸಾಕು.

ಇದನ್ನು ತಾಳ್ಮೆಯಿಂದ ಅಳೆದವರಲ್ಲಿ ಇಂಗ್ಲೆಂಡಿನ ಜೂಲ್ ಮಹಾಶಯನು ಪ್ರಸಿದ್ಧನು. ತನ್ನ ಉಷ್ಣಮಾಪಕವೊಂದರ ಶೂನ್ಯಬಿಂದುವನ್ನು ಆತನು 1844ರಿಂದ 1882ರವರೆಗೆ ಪರೀಕ್ಷಿಸುತ್ತ ಬಂದನು. ಗಾಜಿನ ಬುರುಡೆ ಕುಗ್ಗುತ್ತ ಪಾದರಸವನ್ನು ಮೇಲಕ್ಕೆ ತಳ್ಳಿ, 38 ವರ್ಷಗಳಲ್ಲಿ ಆ ಬಿಂದು ಸುಮಾರು ಅರ್ಧ ಡಿಗ್ರಿ ಸೆಂಟಿಗ್ರೇಡಿನಷ್ಟು ಏರಿತ್ತು. ಏರಿಕೆ ಮೊದಮೊದಲು ಹೆಚ್ಚು; ಬರಬರುತ್ತ ಕಡಮೆ; ಆದರೆ ನಿಲ್ಲಲೇ ಇಲ್ಲ.

ಬ್ಯಾಂಕಿನ ಲೆಕ್ಕದಲ್ಲಿ ಯಂತ್ರದ ಸವಕಳಿಯನ್ನು ವರ್ಷಕ್ಕೆ ಶೇಕಡ 10ರಂತೆ ಕಳೆದರೆ 100 ರೂಪಾಯಿ 90 ಆಗುತ್ತದೆ, ಬಳಿಕ 81. ಸಾಮಾನ್ಯ ವಸ್ತುಗಳು ಸಮತೋಲಕ್ಕೆ ಹೆಚ್ಚುಕಡಮೆ ಹೀಗೆಯೇ ಇಳಿಯುತ್ತವೆ. ಗಾಜಿನ ಲೆಕ್ಕ ಬೇರೆ. ಮೊದಲನೆಯ ದಿನದಿಂದ 10ನೆಯ ದಿನದವರೆಗೆ ಆಗುವಷ್ಟು ಬದಲಾವಣೆ ಮತ್ತೆ ಆಗಬೇಕಾದರೆ 100ನೆಯ ದಿನದವರೆಗೆ ಕಾಯಬೇಕು. ಇನ್ನೊಮ್ಮೆ ಆಗಬೇಕಾದರೆ 1000ನೆಯ ದಿನದವರೆಗೆ. ಹಾಗೆಂದು ಯೂರೋಪಿನ ಹಳೆಯ ಚರ್ಚುಗಳ ಗಾಜು ಶತಮಾನಗಳಲ್ಲಿ ಕೆಳಕ್ಕೆ ಹರಿದು ಬುಡದಲ್ಲಿ ದಪ್ಪವಾಗಿದೆಯೆಂಬ ಕಥೆಯನ್ನು ನಂಬಬೇಕಾಗಿಲ್ಲ. ಬ್ರೆಜಿಲಿನ ಜನೋಟ್ಟೊ 1998ರಲ್ಲಿ ಲೆಕ್ಕ ಹಾಕಿ, ಅಂಥ ಹರಿವಿಗೆ ವಿಶ್ವದ ಆಯುಸ್ಸೂ ಸಾಲದೆಂದು ತೋರಿಸಿದರು. ಹಳೆಯ ಕಾಲದ ಹಲಗೆಗಳು ತಯಾರಾದಾಗಲೇ ಒಂದೇ ದಪ್ಪವಾಗಿರಲಿಲ್ಲ.

ಈ ಮಂದಗತಿಗೆ ಕಾರಣವೇನು? ಸಿಂಹಾಚಲದ ಚಂದನೋತ್ಸವದ ನೂಕುನುಗ್ಗಲಿನಲ್ಲಿ ನಿಂತವರಿಗೆ ಅದು ಸುಲಭವಾಗಿ ಹೊಳೆದೀತು. ಒಬ್ಬನು ಒಂದು ಹೆಜ್ಜೆ ಸರಿಯಬೇಕಾದರೆ ಸುತ್ತಲಿನ ನಾಲ್ವರು ಸರಿಯಬೇಕು. ಎಲ್ಲರೂ ತುಸು ಒತ್ತಾದಂತೆ ಮುಂದಿನ ಹೆಜ್ಜೆಗೆ ಹತ್ತು ಮಂದಿ ಸರಿಯಬೇಕಾಗುತ್ತದೆ. ಸಮತೋಲದ ಕಡೆಗೆ ಇಟ್ಟ ಪ್ರತಿಯೊಂದು ಹೆಜ್ಜೆಯೂ ಮುಂದಿನದನ್ನು ಕಠಿನಗೊಳಿಸುತ್ತದೆ. ಅಣುಗಳನ್ನು ಹೀಗೆ ಕಣ್ಣಾರೆ ಕಾಣಲಾಗದು. ಆದರೆ ನೀರಿನಲ್ಲಿ ತೇಲುವ ಕಲಿಲದ ಕಣಗಳನ್ನು ಕಿಕ್ಕಿರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬಹುದು. ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಜಯ್ ಸೂದ್, ಜವಾಹರಲಾಲ್ ನೆಹರೂ ಕೇಂದ್ರದ ರಾಜೇಶ್ ಗಣಪತಿ ಮೊದಲಾದವರು ಇಂಥ ಕಲಿಲ ಗಾಜುಗಳನ್ನು ಅಭ್ಯಾಸಮಾಡಿದ್ದಾರೆ.

ಹಾಲೆಂಡಿನ ಸ್ಟ್ರೂಯಿಕ್ ತಮ್ಮ 1978ರ ಗ್ರಂಥದಲ್ಲಿ ನೀರಿನ ಕೊಳವೆಗೆ ಬಳಸುವ ಪಿ.ವಿ.ಸಿ. ಪ್ಲಾಸ್ಟಿಕ್ಕಿನ ಪರೀಕ್ಷೆಯನ್ನು ವರ್ಣಿಸಿದ್ದಾರೆ. 90 ಡಿಗ್ರಿಯಿಂದ 20 ಡಿಗ್ರಿಗೆ ಥಟ್ಟನೆ ಇಳಿಸಿದ ಪಟ್ಟಿಯನ್ನು ಬೇರೆ ಬೇರೆ ವಯಸ್ಸಿನಲ್ಲಿ ಎಳೆದು ನೋಡಿದರು: ಒಂದು ಗಂಟೆಗೂ ಕಡಮೆ ವಯಸ್ಸಿನಿಂದ 1000 ದಿನಗಳವರೆಗೆ. ವಯಸ್ಸು ಹತ್ತರಷ್ಟಾದರೆ ಅಷ್ಟೇ ಹಿಗ್ಗುವುದಕ್ಕೆ ಬೇಕಾದ ಕಾಲವೂ ಸುಮಾರು ಹತ್ತರಷ್ಟಾಗುತ್ತಿತ್ತು.

ಇನ್ನೂ ವಿಚಿತ್ರವಾದುದು ಫ್ರಾನ್ಸಿನ ಕೋವಾಕ್ಸ್ 1963ರಲ್ಲಿ ಪ್ರಕಟಿಸಿದ ಸಂಗತಿ. ಗಾಜುಗೊಂಡ ಪ್ಲಾಸ್ಟಿಕ್ಕನ್ನು ಕೆಳಗಿನ ಉಷ್ಣತೆಯಲ್ಲಿ ಕೆಲಕಾಲ ಇಟ್ಟು, ಅದರ ಗಾತ್ರವು ಮೇಲಿನೊಂದು ಉಷ್ಣತೆಗೆ ಸಲ್ಲುವ ಸಮತೋಲದ ಗಾತ್ರಕ್ಕೆ ಸರಿಯಾಗುವಂತೆ ಮಾಡಿ, ಆ ಉಷ್ಣತೆಗೆ ಏರಿಸಿದರು. ಗಾತ್ರ ಸರಿಯಾಗಿಯೇ ಇದೆ, ಇನ್ನು ಬದಲಾಗಲು ಕಾರಣವಿಲ್ಲ. ಆದರೂ ಅದು ಹಿಗ್ಗಿ, ತುಸು ಹೊತ್ತಿನ ಮೇಲೆ ಮತ್ತೆ ಕುಗ್ಗಿ ಮೊದಲಿನಲ್ಲಿಗೆ ಬಂತು. ಎರಡು ಖಾತೆಗಳಲ್ಲಿ ಶಿಲ್ಕು ಒಂದೇ ಇದ್ದರೂ ಒಂದರ ಮೇಲೆ ಬರೆದ ಚೆಕ್ಕುಗಳು ಇನ್ನೂ ಬರಬೇಕಾಗಿರಬಹುದಷ್ಟೆ. ಗಾಜಿನ ನಡತೆಯನ್ನು ತಿಳಿಯಲು ಇಂದಿನ ಶಿಲ್ಕು ಸಾಲದು, ಪೂರ್ವಚರಿತ್ರೆ ಬೇಕು.

ಅಚ್ಯುತಾಪುರದ ವಿಶೇಷ ಆರ್ಥಿಕ ವಲಯದಲ್ಲಿ ಔಷಧದ ಕಾರ್ಖಾನೆಗಳಿರುವುದರಿಂದ ಈ ವಿಷಯ ನಮಗೆ ದೂರದ್ದಲ್ಲ. ನೀರಿನಲ್ಲಿ ಸುಲಭವಾಗಿ ಕರಗದ ಕೆಲವು ಮದ್ದುಗಳನ್ನು ಔಷಧೋದ್ಯಮದಲ್ಲಿ ಗಾಜಿನ ರೂಪದಲ್ಲಿ ತಯಾರಿಸುತ್ತಾರೆ. ಆ ರೂಪದಲ್ಲಿ ಅವು ಬೇಗ ಕರಗುತ್ತವೆ. ದಾಸ್ತಾನಿನಲ್ಲಿ ಅದೇ ಮದ್ದು ಸ್ಫಟಿಕವಾಗತೊಡಗಿದರೆ ಆ ಪ್ರಯೋಜನ ಹೋಯಿತು. ಗುಳಿಗೆ ಕಣ್ಣಿಗೆ ಮೊದಲಿನಂತೆಯೇ ಇದ್ದರೂ ರೋಗಿಗೆ ಸೇರುವ ಮದ್ದು ಕಡಮೆಯಾದೀತು. ತೇವವು ಒಳಸೇರಿದಷ್ಟೂ ಅಣುಗಳ ಬಿಗಿ ಸಡಿಲವಾಗಿ ಈ ಅಪಾಯ ಹೆಚ್ಚುತ್ತದೆ. ಸಮುದ್ರತೀರದ ಉಗ್ರಾಣದಲ್ಲಿ ತೇವಕ್ಕೆ ಬರಗಾಲವಿಲ್ಲ. ಆದ್ದರಿಂದಲೇ ಅಂಥ ಮದ್ದನ್ನು ತೇವ ಹೊಗದ ಹೊದಿಕೆಯಲ್ಲಿ ಕಟ್ಟಿ, ತಿಂಗಳುಗಟ್ಟಲೆ ಇಟ್ಟು ಪರೀಕ್ಷಿಸಿದ ಮೇಲೆಯೇ ಗುಳಿಗೆಯ ಪಟ್ಟಿಯ ಮೇಲೆ ಕೊನೆಯ ತಾರೀಖನ್ನು ಅಚ್ಚುಹಾಕುತ್ತಾರೆ.