ಅಣ್ಣನಿಗೆ ಬರೆದ ಕಾಗದಗಳು

ಅಣ್ಣತಮ್ಮಂದಿರ ಕಾಗದಗಳಲ್ಲಿ ಏನಿರುತ್ತಿತ್ತು ಅಂತ ನಿಮಗೆ ಗೊತ್ತೇ ಇದೆ. ಅಮ್ಮನ ಮಂಡಿನೋವು, ಗದ್ದೆಯ ಗುತ್ತಿಗೆ, ತಂಗಿಗೆ ಗಂಡು ನೋಡುವ ವಿಚಾರ, ಕೊನೆಗೆ 'ಕೈಯಲ್ಲಿ ಕಾಸಿಲ್ಲ' ಎಂಬ ಒಂದು ಸಾಲು. ಇವೆಲ್ಲದರ ನಡುವೆ ಡಾಂಟೆಯ ಕಾವ್ಯ, ಷೇಕ್ಸ್‌ಪಿಯರನ ನಾಟಕ ಅಂತ ಪುಟಗಟ್ಟಲೆ ಬರೆದಿದ್ದರೆ? ಜರ್ಮನಿಯ ಶ್ಲೇಗೆಲ್ ಸೋದರರ ಕಾಗದಗಳು ಹಾಗೇ ಇವೆ ನೋಡಿ.

ಹ್ಯಾನೋವರಿನ ಪಾದ್ರಿಯ ಮನೆಯ ಮಕ್ಕಳು ಇವರು. ಅಣ್ಣ ಆಗಸ್ಟ್ ವಿಲ್‌ಹೆಲ್ಮ್ ಹುಟ್ಟಿದ್ದು 1767ರಲ್ಲಿ, ತಮ್ಮ ಫ್ರೀಡ್ರಿಕ್ 1772ರಲ್ಲಿ. 1791ರಲ್ಲಿ ಅಣ್ಣ ಆಮ್‌ಸ್ಟರ್‌ಡಾಮಿನ ಶ್ರೀಮಂತರ ಮನೆಯೊಂದಕ್ಕೆ ಪಾಠ ಹೇಳುವ ಮೇಷ್ಟ್ರಾಗಿ ಹೋದ. ತಮ್ಮ ಲೈಪ್‌ಜಿಗ್‌ನಲ್ಲಿ ಕಾನೂನು ಓದಬೇಕಿತ್ತು. ಓದಿದ್ದು ಕಾವ್ಯ, ಮಾಡಿದ್ದು ಸಾಲ! ದುಡ್ಡಿಗಾಗಿ ಅಣ್ಣನಿಗೇ ಬರೆಯಬೇಕು. ಸಾಲವೊಂದೇ ಅಲ್ಲ, ಸಾಯುವ ಯೋಚನೆ ದಿನವೂ ಬರುತ್ತದೆ ಅಂತಲೂ ಆ ಹುಡುಗ ತೋಡಿಕೊಂಡಿದ್ದಾನೆ.

1793ರಲ್ಲಿ ಅವನು ಹ್ಯಾಮ್ಲೆಟ್ ಕುರಿತು ಅಣ್ಣನಿಗೆ ಉದ್ದನೆಯ ಕಾಗದ ಬರೆದ. (ಕುವೆಂಪು ಅವರ 'ರಕ್ತಾಕ್ಷಿ' ಓದಿದವರಿಗೆ ಈ ಹ್ಯಾಮ್ಲೆಟ್ ಪರಿಚಯದವನೇ; ಅಲ್ಲಿ ಅವನು ಬಿದನೂರಿಗೆ ಬಂದಿದ್ದಾನೆ.) ಬುದ್ಧಿ ಅತಿಯಾಗಿ ಬೆಳೆದು ಕೈಕಾಲು ಕಟ್ಟಿಹಾಕಿದೆ, ಆ ನಿರಾಶೆಯೇ ನಾಟಕದ ತಿರುಳು ಎಂಬುದು ಅವನ ವಾದ. ಅವನು ರಾಜಕುಮಾರನ ಕಥೆ ಹೇಳುತ್ತಿದ್ದನೋ ತನ್ನದೋ ಅಂತ ನನಗಂತೂ ಅನುಮಾನ.

ಅದೇ ವರ್ಷ ಅಣ್ಣ ತಮ್ಮನಿಗೊಂದು ಜವಾಬ್ದಾರಿ ವಹಿಸಿದ. ಅಣ್ಣ ಮನಸ್ಸಿಟ್ಟಿದ್ದ ಕರೋಲೀನ್ ಎಂಬ ವಿಧವೆ, ಯುದ್ಧದ ಗಲಾಟೆಯಲ್ಲಿ ಸೆರೆಮನೆ ಸೇರಿ ಹೊರಬಂದಿದ್ದಳು. ಫ್ರೆಂಚ್ ಅಧಿಕಾರಿಯೊಬ್ಬನಿಂದ ಗರ್ಭಿಣಿಯಾಗಿದ್ದಳು. ಊರು ಏನಂದಿರಬಹುದು, ಹೇಳಬೇಕೇ? ಲೈಪ್‌ಜಿಗ್ ಬಳಿಯ ಸಣ್ಣ ಊರಿನಲ್ಲಿ ಅವಳನ್ನಿರಿಸಿ, ನೋಡಿಕೊಳ್ಳುವ ಭಾರ ತಮ್ಮನ ಮೇಲೆ ಬಿತ್ತು. ಸಾಯುವ ಮಾತಾಡುತ್ತಿದ್ದವನು ಬಾಣಂತಿಯ ಯೋಗಕ್ಷೇಮದ ವರದಿ ಬರೆಯತೊಡಗಿದ!

1796ರಲ್ಲಿ ಅಣ್ಣ ಅವಳನ್ನು ಮದುವೆಯಾದ. ಮುಂದಿನ ವರ್ಷದಿಂದ ಅವನ ಷೇಕ್ಸ್‌ಪಿಯರ್ ಅನುವಾದಗಳು ಅಚ್ಚಾಗತೊಡಗಿದವು. ಅದುವರೆಗೆ ಜರ್ಮನರಿಗೆ ಸಿಕ್ಕಿದ್ದು ಹೆಚ್ಚಾಗಿ ಗದ್ಯದಲ್ಲಿ. ಪದ್ಯವನ್ನು ಗದ್ಯ ಮಾಡಿದರೆ ಒಗ್ಗರಣೆ ಹಾಕದ ಸಾರಿನಂತೆ. ಹೊಟ್ಟೆ ತುಂಬೀತು, ಘಮ ಎಲ್ಲಿಂದ ಬರಬೇಕು? ಇವನು ಪದ್ಯವನ್ನು ಪದ್ಯವಾಗಿಯೇ, ಲಯ ಉಳಿಸಿ ತಂದ. ಒಟ್ಟು 17 ನಾಟಕ. ಹಸ್ತಪ್ರತಿಗಳಲ್ಲಿ ಕರೋಲೀನಳ ಕೈಬರಹವಿದೆ, ಪುಸ್ತಕದ ಮೇಲೆ ಮಾತ್ರ ಅವಳ ಹೆಸರಿಲ್ಲ. ಉಳಿದ ನಾಟಕಗಳಲ್ಲಿ ಮ್ಯಾಕ್‌ಬೆತ್ ಮೊದಲಾದವನ್ನು ಅನುವಾದಿಸಿದ ಡೊರೊತೆಯಾ ಟೀಕ್ ಎಂಬಾಕೆಯ ಪಾಡೂ ಅದೇ. ಹೆಸರು ಸಿಕ್ಕಿದ್ದು ಅವಳ ತಂದೆಗೆ.

ತಮ್ಮನಿಗೂ ಗೆಲುವು ಬಂದಿತ್ತು. 'ರೊಮ್ಯಾಂಟಿಕ್' ಎಂಬ ಮಾತಿನ ಅರ್ಥ ಕಾಗದದಲ್ಲಿ ಕಳಿಸಲಾರೆ, ಅದು 125 ಹಾಳೆ ಉದ್ದವಿದೆ ಅಂತ 1797ರಲ್ಲಿ ಅಣ್ಣನಿಗೆ ತಮಾಷೆ ಮಾಡಿದ್ದಾನೆ.

ನಮ್ಮ ದೇಶದ ನಂಟು ಇವರಿಗೆ ದುಃಖದ್ದು. ಇವರ ಇನ್ನೊಬ್ಬ ಅಣ್ಣ ಕಾರ್ಲ್ ಸೈನ್ಯದ ಜೊತೆ ಬಂದು 1789ರಲ್ಲಿ ಮದರಾಸಿನಲ್ಲಿ ತೀರಿಹೋಗಿದ್ದ. ಮೊದಲು ಸಂಸ್ಕೃತ ಕಲಿತವನು ತಮ್ಮ, ಪ್ಯಾರಿಸ್ಸಿನಲ್ಲಿ. 1808ರಲ್ಲಿ ಭಾರತೀಯರ ಭಾಷೆ, ಜ್ಞಾನದ ಮೇಲೆ ಪುಸ್ತಕ ಬರೆದ. ಅಣ್ಣ ಹಿಂದಿನಿಂದ ಬಂದು, ದೇವನಾಗರಿ ಅಚ್ಚುಮೊಳೆ ಮಾಡಿಸಿ, 1823ರಲ್ಲಿ ಭಗವದ್ಗೀತೆಯನ್ನು ಲ್ಯಾಟಿನ್ ಅನುವಾದದೊಂದಿಗೆ ಹೊರತಂದ.

ಇಷ್ಟಾದರೂ ಕೊನೆಗೆ ಮನಸ್ಸು ಮುರಿಯಿತು. ತಮ್ಮ ಕ್ಯಾಥೊಲಿಕ್ ಮತಕ್ಕೆ ಸೇರಿದ್ದ. ಅವನ ವಿಚಾರ ನನ್ನದಲ್ಲ ಅಂತ ಅಣ್ಣ 1828ರಲ್ಲಿ ಅಚ್ಚು ಹಾಕಿಸಿಯೇ ಸಾರಿದ. 1829ರ ಜನವರಿಯಲ್ಲಿ ತಮ್ಮ ತೀರಿಕೊಂಡ.

ತಮ್ಮನ ಕಾಗದಗಳನ್ನು ಮಾತ್ರ ಅಣ್ಣ ಎಸೆದಿರಲಿಲ್ಲ. 1890ರಲ್ಲಿ ಅವು ಪುಸ್ತಕವಾದವು. ಅದರಲ್ಲಿರುವುದು ತಮ್ಮನ ಮಾತಷ್ಟೇ. ಪಕ್ಕದ ಕೋಣೆಯಲ್ಲಿ ಯಾರೋ ಫೋನಿನಲ್ಲಿ ಮಾತಾಡುವುದನ್ನು ಕೇಳಿದ ಹಾಗೆ, ಅಣ್ಣ ಏನಂದ ಎಂಬುದನ್ನು ನಾವೇ ಊಹಿಸಿಕೊಳ್ಳಬೇಕು.